ಹದಿನಾಲ್ಕು ಪೌಂಡಿನ ಜ್ವರ

ಎಲ್ಲಕ್ಕೂ ಕಾರಣ ಹುಂಜದ ಕತ್ತಿನ ಒಂದೇ ಒಂದು ಕಂದು ಗರಿ.

ಬೆಳಿಗ್ಗೆ ಏಳು ಗಂಟೆ. ಹೊರಗಿನ್ನೂ ಬೆಳಕು ಹರಿದಿರಲಿಲ್ಲ. ಇನ್ವರ್‌ಫೆನ್ನನ್ ಊರಿಗೆ ಇದ್ದೊಬ್ಬ ಪ್ಲಂಬರ್ ಮರ್ಡೊ ರೆನ್ನಿ ಅಡುಗೆಮನೆಯ ಮೇಜಿಗೆ ಮೂಗು ತಾಗುವಂತೆ ಬಾಗಿ ಕೂತು, ಪುಟ್ಟ ಕೊಕ್ಕೆಯೊಂದಕ್ಕೆ ಜರಿನೂಲು ಸುತ್ತಿ, ಮೊಲದ ತುಪ್ಪಟ ಸೇರಿಸಿ, ಸಾಮನ್ ಮೀನನ್ನು ಮರುಳು ಮಾಡುವ ಹುಸಿನೊಣ ಕಟ್ಟುತ್ತಿದ್ದ. ಎರಡು ಕೈಗೂ ಕೆಲಸವಿದ್ದುದರಿಂದ ಗರಿಯನ್ನು ತುಟಿಯಲ್ಲಿ ಕಚ್ಚಿಕೊಂಡಿದ್ದ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅಭ್ಯಾಸಬಲದಿಂದ ಎತ್ತಿ, ಮಾತಾಡಲೆಂದು ಉಸಿರೆಳೆದ. ಗರಿ ನೆಟ್ಟಗೆ ಗಂಟಲಿಗಿಳಿಯಿತು.

ಆಮೇಲೆ ಅರ್ಧ ನಿಮಿಷ ಅವನು ಕೆಮ್ಮಿದ ಕೆಮ್ಮು ಖಾಲಿ ಹಾಲಿನ ಕ್ಯಾನು ಇಳಿಜಾರಿನಲ್ಲಿ ಉರುಳಿದಂತಿತ್ತು.

"ದೇವರೇ! ಮರ್ಡೊ, ನಿನಗೂ ಬಂತಾ ಫ್ಲೂ?" ಆ ತುದಿಯಲ್ಲಿದ್ದವರು ಪಕ್ಕದ ಮನೆಯ ವಿಧವೆ ಮಿಸೆಸ್ ಟಲಕ್. "ಬಚ್ಚಲುಮನೆ ಪೈಪು ಮತ್ತೆ ಹೆಪ್ಪುಗಟ್ಟಿದೆ, ಬೇಗ ಬಾ ಅನ್ನೋಣ ಅಂತ ಫೋನ್ ಮಾಡಿದ್ರೆ… ಅಯ್ಯೋ, ಎಂಥಾ ಕೆಮ್ಮೋ ಅದು! ಎದೆಯೊಳಗಿಂದ ಬರ್ತಾ ಇದೆ. ನಮ್ಮ ಮನೆಯವರಿಗೂ ಹೀಗೇ ಶುರುವಾಗಿದ್ದು. ಒಂಬತ್ತೇ ದಿನ, ಮುಗೀತು!"

"ಇಲ್ಲ, ಮಿಸೆಸ್…" ಎನ್ನಹೊರಟ. ಗರಿ ಅವಕಾಶ ಕೊಡಲಿಲ್ಲ.

"ಬಾಯಿ ಮುಚ್ಚು! ಮಾತಾಡಿದ್ರೆ ಗಾಳಿ ಒಳಗೆ ಹೋಗುತ್ತೆ. ಪೈಪು ಹಾಳಾಗಿ ಹೋಗ್ಲಿ. ಇವತ್ತು ನೀನು ಯಾರ ಮನೆಗೂ ಕೆಲಸಕ್ಕೆ ಹೋಗಕೂಡದು. ನಾನು ಎಲ್ಲರಿಗೂ ಹೇಳ್ತೀನಿ."

ಗರಿ ಹೊರಗೆ ಬಂತು. ಈಗ ಬಾಯಿ ತೆರೆದರೆ ನಿಜ ಹೇಳಬಹುದಿತ್ತು. ಮರ್ಡೊ ತೆರೆಯಲಿಲ್ಲ. ಹುಟ್ಟಿ ನಲವತ್ತಾರು ವರ್ಷದಲ್ಲಿ ಅವನಾಡಿದ ಅತಿ ದೊಡ್ಡ ಸುಳ್ಳು ಅವತ್ತು ಅವನು ಆಡದೆ ಉಳಿದ ಆ ಒಂದು ಮಾತು.

ಅವನದೇ ತಪ್ಪೆನ್ನುವಂತೆಯೂ ಇರಲಿಲ್ಲ. ಇಪ್ಪತ್ತೊಂದು ದಿನದಿಂದ ಊರಿಗೆ ಊರೇ ಮರಗಟ್ಟಿತ್ತು. ಒಗೆದು ಹಾಕಿದ ಷರಾಯಿಗಳು ಹಗ್ಗದ ಮೇಲೆ ಹಲಗೆಗಳಾಗಿ ಒಂದಕ್ಕೊಂದು ಟಕಟಕ ಬಡಿದುಕೊಳ್ಳುತ್ತಿದ್ದವು. ಸಂಜೆ ಬಾಗಿಲಿನ ಚಿಲಕಕ್ಕೆ ಕೈಯಿಟ್ಟರೆ ಚಿಲಕ ನಿಮ್ಮನ್ನು ಬಿಡುತ್ತಿರಲಿಲ್ಲ. ಇಂಥ ಕಾಲದಲ್ಲಿ ಪ್ಲಂಬರ್ ಮನುಷ್ಯನಾಗಿ ಉಳಿಯುವುದಿಲ್ಲ, ಊರೊಟ್ಟಿನ ಆಸ್ತಿಯಾಗುತ್ತಾನೆ. ಹಿಂದಿನ ಭಾನುವಾರ ಪಾದ್ರಿ ಲ್ಯಾಮಂಟರು ಇಗರ್ಜಿಯಲ್ಲಿ, "ನಮ್ಮ ಸಹೋದರ ಮರ್ಡೊನ ಆರೋಗ್ಯವನ್ನೂ ಅವನ ಬ್ಲೋಲ್ಯಾಂಪಿನ ಜ್ವಾಲೆಯನ್ನೂ ಕಾಪಾಡು ತಂದೆಯೇ" ಎಂದು ಪ್ರಾರ್ಥಿಸಿದ್ದರು. ಆಮೆನ್ ಎಂದವರ ದನಿಯಲ್ಲಿ ಹಿಂದೆಂದೂ ಇಲ್ಲದ ಭಕ್ತಿಯಿತ್ತು.

ಮರ್ಡೊ ಒಲ್ಲೆ ಎಂದವನಲ್ಲ. ಇಪ್ಪತ್ತೊಂದು ದಿನವೂ ಯಾರದೋ ಸಿಂಕಿನ ಕೆಳಗೆ ಅಂಗಾತ ಮಲಗಿ, ಹೆಪ್ಪುಗಟ್ಟಿದ ಪೈಪಿಗೆ ಬ್ಲೋಲ್ಯಾಂಪಿನ ಉರಿ ಹಿಡಿದ. ಒಳಗಿನ ಹಿಮ ಮೊದಲು 'ಟಿಕ್' ಎನ್ನುತ್ತದೆ. ಆಮೇಲೆ ನಿಟ್ಟುಸಿರಿನಂಥದೊಂದು. ಆಮೇಲೆ ಗುಳುಗುಳು. ಆ ಗುಳುಗುಳು ಕೇಳಿದ ಮೇಲೆ ಮರ್ಡೊ ಅಲ್ಲಿರುತ್ತಿರಲಿಲ್ಲ. ಫೆನ್ನನ್ ಹೊಳೆಯ ಕಪ್ಪುಮಡುವಿನಲ್ಲಿ ಸೊಂಟಮಟ್ಟ ನೀರಿನಲ್ಲಿ ನಿಂತಿರುತ್ತಿದ್ದ. ಅವನ ದಾರ ಗಾಳಿಯಲ್ಲಿ ಒಂದು ದೊಡ್ಡ ಸೊನ್ನೆ ಬರೆದು, ಆ ಸೊನ್ನೆ ನಿಧಾನವಾಗಿ ಬಿಚ್ಚಿಕೊಂಡು, ತುದಿಯ ನೊಣ ಹೂವಿನ ಎಸಳಿನಂತೆ ನೀರಿಗಿಳಿಯುತ್ತಿತ್ತು. ಸಮುದ್ರ ಬಿಟ್ಟು ಬಂದ ಬೆಳ್ಳಿಯ ಮೀನೊಂದು ತಳದಿಂದ ತಲೆಯೆತ್ತಿ ನೋಡುತ್ತಿತ್ತು… "ಮರ್ಡೊ, ನಿದ್ದೆ ಹೋದ್ಯಾ?" ಎಂದು ಮನೆಯಾಕೆ ಪೊರಕೆಯ ಹಿಡಿಯಿಂದ ತಿವಿದಾಗಲೇ ಎಚ್ಚರ. ಬೇರೆಯವರು ಕೊಳವೆಗೆ ತುಂಬಿದ ನೀರಿನ ಚಾಕರಿ ಮಾಡಿ ಮಾಡಿ, ಯಾರೂ ತುಂಬದ ನೀರಿಗಾಗಿ ಅವನ ಜೀವ ಹಂಬಲಿಸುತ್ತಿತ್ತು.

ಇವತ್ತು ಫೆಬ್ರವರಿ ಹನ್ನೊಂದು. ನಾಲ್ಕು ತಿಂಗಳು ಮುಚ್ಚಿದ್ದ ಹೊಳೆ ಗಾಳದವರಿಗೆ ತೆರೆಯುವ ದಿನ. ಒಂಬತ್ತಕ್ಕೆ ಸೇತುವೆಯ ಮೇಲೆ ಬ್ಯಾಗ್‌ಪೈಪು ಊದಿ, ಒಂದು ಲೋಟ ವಿಸ್ಕಿಯನ್ನು ಹೊಳೆಗೂ ಹತ್ತು ಲೋಟವನ್ನು ತಮಗೂ ಸುರಿದುಕೊಂಡು, ಜನ ದಂಡೆಯುದ್ದಕ್ಕೂ ಹರಡಿಕೊಳ್ಳುತ್ತಾರೆ. ಆ ದಿನ ಮೊದಲ ಸಾಮನ್ ಹಿಡಿದವರ ಹೆಸರು ಹೋಟೆಲಿನ ಗೋಡೆಯ ಓಕ್ ಹಲಗೆಯ ಮೇಲೆ ಚಿನ್ನದ ಅಕ್ಷರದಲ್ಲಿ ಏರುತ್ತದೆ. ಮೀನನ್ನು ಮನೆಗೆ ಒಯ್ಯುವಂತಿಲ್ಲ. ಮೊದಲ ಮೀನು ಹೊಳೆಯದೇ, ಅದಕ್ಕೇ ಬಿಡಬೇಕು. ನೋಡಿದವರೊಬ್ಬರು ಸಾಕ್ಷಿ ಹೇಳಿದರೆ ಸಾಕು. ನೂರು ಹೆಸರಿರುವ ಆ ಹಲಗೆಯಲ್ಲಿ ರೆನ್ನಿ ಎಂಬುದು ಮಾತ್ರ ಇಲ್ಲ. ಮರ್ಡೊನ ಅಜ್ಜ ನಲವತ್ತು ವರ್ಷ, ಅಪ್ಪ ಮೂವತ್ತೈದು ವರ್ಷ ನೀರಿಗೆ ದಾರ ಬೀಸಿ, ಬೀಸಿದಷ್ಟನ್ನೂ ಬರಿದೇ ಸುತ್ತಿಕೊಂಡು ಹೋದವರು.

ಫೋನು ಇಟ್ಟ ಮರ್ಡೊ ಅರ್ಧ ಗಂಟೆಯಲ್ಲಿ ತಯಾರಾದ. ಒಂದರ ಮೇಲೊಂದು ಮೂರು ಉಣ್ಣೆ ಅಂಗಿ. ಅದರ ಮೇಲೆ ಬೂಟು ಸಮೇತ ಒಂದೇ ಅಚ್ಚಿನಲ್ಲಿ ಎರೆದ, ಎದೆಮಟ್ಟ ಬರುವ ರಬ್ಬರಿನ ಷರಾಯಿ. ಬಿಚ್ಚಿದ ಗಾಳದ ಕೋಲನ್ನು ಚೀಲಕ್ಕೆ ಹಾಕಿ ಹಿತ್ತಿಲ ಕಿಟಕಿಯ ಹೊರಗೆ ಒರಗಿಸಿದ. ಇನ್ನೇನು ಹೊರಡಬೇಕು, ಮುಂಬಾಗಿಲಿನಲ್ಲಿ ಬೀಗದ ಕೈ ತಿರುಗಿದ ಸದ್ದು. ಆ ಬೀದಿಯಲ್ಲಿ ಎಲ್ಲರ ಮನೆಯ ಬೀಗದ ಕೈಯೂ ಮಿಸೆಸ್ ಟಲಕ್ ಬಳಿ ಇರುತ್ತಿತ್ತು.

ಮರ್ಡೊ ಒಂದೇ ನೆಗೆತಕ್ಕೆ ಮಂಚ ಸೇರಿ, ರಬ್ಬರು ಷರಾಯಿ ಬೂಟುಗಳ ಸಮೇತ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡ.

ಮಿಸೆಸ್ ಟಲಕ್ ಒಳಗೆ ಬಂದರು. ಒಂದು ಕೈಯಲ್ಲಿ ಬಾರ್ಲಿ ಸಾರಿನ ಪಾತ್ರೆ, ಇನ್ನೊಂದರಲ್ಲಿ ಬಿಸಿನೀರು ತುಂಬಿದ ರಬ್ಬರು ಚೀಲ, ಕಂಕುಳಲ್ಲಿ ಎರಡು ಕಂಬಳಿ. ಕಂಬಳಿಗಳನ್ನು ಹೊದಿಸಿದರು, ಒಲೆಗೆ ಕಲ್ಲಿದ್ದಲು ಸುರಿದರು, ಚೀಲವನ್ನು ಅವನ ಎದೆಯ ಮೇಲಿಟ್ಟು ಹಣೆ ಮುಟ್ಟಿದರು. ಮೂರು ಉಣ್ಣೆ, ಒಂದು ರಬ್ಬರು, ಮೂರು ಹೊದಿಕೆಗಳ ಕೆಳಗೆ ಮರ್ಡೊ ಕುಕ್ಕರಿನೊಳಗಿನ ಆಲೂಗಡ್ಡೆಯಂತೆ ಬೇಯುತ್ತಿದ್ದ.

"ಕೆಂಡ! ಬರೀ ಕೆಂಡ!" ಎಂದು ಉದ್ಗರಿಸಿದ ಮಿಸೆಸ್ ಟಲಕ್ ನರ್ಸ್ ರೋನಾ ಮಕೀಯ ಮನೆಗೆ ಫೋನು ತಿರುಗಿಸಿದರು. ನರ್ಸ್ ಇರಲಿಲ್ಲ. ಕಣಿವೆಯ ಮೇಲ್ತುದಿಯ ಯಾವುದೋ ಒಂಟಿಮನೆಗೆ ಹೆರಿಗೆ ಮಾಡಿಸಲು ಮುಂಜಾನೆಯೇ ಹೋಗಿದ್ದಳಂತೆ, ಬರುವುದು ಸಂಜೆಯಂತೆ.

"ಪಾಪ, ಈ ಹಿಮದಲ್ಲಿ ಆ ಹುಡುಗಿ ಒಬ್ಬಳೇ! ಇರಲಿ, ಅವಳು ಬರೋತನಕ ನಾನಿದ್ದೀನಿ. ರೆಪ್ಪೆ ಬಡಿಯಲ್ಲ, ನೋಡು."

"ನೀವು ಮನೆಗೆ ಹೋಗಿ, ಮಿಸೆಸ್ ಟಲಕ್. ನಿಮಗೂ ಅಂಟಿಕೊಂಡೀತು."

"ಅಂಟಿಕೊಳ್ಳೋಕೆ ನಾನೇನು ಹದಿನಾರರವಳೇ? ಸಾರು ಕುಡಿ."

ಕುಡಿದ. ಬೆವರಿದ. ಮಿಸೆಸ್ ಟಲಕ್ ಒಲೆಯ ಪಕ್ಕದ ಕುರ್ಚಿಯಲ್ಲಿ ಹೆಣಿಗೆ ಹಿಡಿದು ಕೂತರು. ಸೇತುವೆಯ ಕಡೆಯಿಂದ ಬ್ಯಾಗ್‌ಪೈಪಿನ ದನಿ ತೇಲಿಬಂದು, ಸುಮ್ಮನಾಯಿತು. ಹೊಳೆ ತೆರೆಯಿತು. ಮರ್ಡೊನ ಕಣ್ಣಂಚಿನಲ್ಲಿ ನೀರು ಬಂತು. ಮಿಸೆಸ್ ಟಲಕ್ ಅದನ್ನು ಜ್ವರದ ಲೆಕ್ಕಕ್ಕೆ ಹಾಕಿ ಕರವಸ್ತ್ರದಿಂದ ಒರೆಸಿದರು.

ಆದರೆ ಕಲ್ಲಿದ್ದಲಿನ ಶಾಖ ರೋಗಿಯನ್ನೂ ಆರೈಕೆಯವರನ್ನೂ ಬೇರೆ ಬೇರೆಯಾಗಿ ನೋಡುವುದಿಲ್ಲ. ಹತ್ತೂವರೆಯ ಹೊತ್ತಿಗೆ ಹೆಣಿಗೆಯ ಕಡ್ಡಿ ನಿಧಾನವಾಯಿತು. ಗಲ್ಲ ಎದೆಗಿಳಿಯಿತು. ಆಮೇಲೆ ಮೃದುವಾದ, ಬೆಕ್ಕಿನ ಮರಿಯಂಥ ಗೊರಕೆ.

ಮರ್ಡೊ ಹೊದಿಕೆಯಿಂದ ಜಾರಿದ. ರಬ್ಬರು ಷರಾಯಿ ಹೆಜ್ಜೆಗೊಮ್ಮೆ ಕುಂಯ್ ಎನ್ನುತ್ತಿತ್ತು. ಒಂದು ಕುಂಯ್‌ಗೆ ಒಂದು ಗೊರಕೆ ಎಂದು ತಾಳ ಹಾಕಿಕೊಂಡು ನಡೆದ. ಉದ್ದನೆಯ ದಿಂಬನ್ನು ಗೋಡೆಯ ಕಡೆ ತಿರುಗಿಸಿ ಮಲಗಿಸಿ, ತುದಿಗೆ ತನ್ನ ಉಣ್ಣೆಯ ರಾತ್ರಿಟೋಪಿ ತೊಡಿಸಿದ. ದಿಂಬು ಅವನಿಗಿಂತ ಕಾಯಿಲೆಯವನಂತೆ ಕಾಣುತ್ತಿತ್ತು. ಕಿಟಕಿ ತೆರೆದು ಕಾಲು ಹೊರಹಾಕಿದ. ಎದೆಮಟ್ಟದ ಹಿಮದ ಗುಡ್ಡೆಯೊಳಗೆ ಸದ್ದಿಲ್ಲದೆ ಇಳಿದುಹೋದ.

ರಾಜಬೀದಿಯಲ್ಲಿ ಹೋಗುವಂತಿರಲಿಲ್ಲ. ಕಣ್ಣೆರಡನ್ನೇ ಬಿಟ್ಟು ಮುಖಕ್ಕೆಲ್ಲ ಮಫ್ಲರು ಸುತ್ತಿಕೊಂಡು, ಕೋಲಿನ ಚೀಲ ಹೆಗಲಿಗೇರಿಸಿ, ಹಿತ್ತಿಲು ಹಿತ್ತಿಲು ದಾಟುತ್ತ ಹೊರಟ. ಹನ್ನೊಂದು ಹಿತ್ತಿಲು ಯಾರ ಕಣ್ಣಿಗೂ ಬೀಳದೆ ದಾಟಿದ. ಹನ್ನೆರಡನೆಯದು ಅರ್ಧ ಕುರುಡ ಮುದುಕ ಆರ್ಚಿ ಬೇನ್‌ನದು. ಅವನು ಕೈಯಲ್ಲಿ ಕೊಡಲಿ ಹಿಡಿದು, ನೀರಿನ ಪೀಪಾಯಿಯ ಹಿಮ ಒಡೆಯುತ್ತ ನಿಂತಿದ್ದ.

"ಯಾರದು? ಹೊಸ ಪ್ಲಂಬರಾ?" ಎಂದ ಆರ್ಚಿ, ಮರ್ಡೊನ ಹೆಗಲಿನ ಚೀಲವನ್ನು ತಡವಿ ನೋಡುತ್ತ. "ಬಂದ್ಯಲ್ಲ, ಪುಣ್ಯಾತ್ಮ! ನಮ್ಮೂರವನು ಮಲಗಿಬಿಟ್ಟಿದ್ದಾನಂತೆ, ಬೇರೆ ಊರಿಂದ ಯಾರನ್ನಾದ್ರೂ ಕರೆಸಿ ಅಂತ ಬೆಳಿಗ್ಗೆಯಿಂದ ಬಡ್ಕೊಳ್ತಾ ಇದ್ದೆ. ಬಾ, ಬಾ ಒಳಗೆ."

ದನಿ ತೆಗೆದರೆ ಗುರುತು ಸಿಕ್ಕೀತು. ಮರ್ಡೊ ತಲೆಯಲ್ಲಾಡಿಸಿದ. ಆ ಕಣ್ಣಿಗೆ ಹೌದೂ ಅಲ್ಲವೂ ಒಂದೇ. ಎಂಬತ್ತರ ಮುದುಕನ ಹಿಡಿತ ಇಕ್ಕಳದಂತಿತ್ತು. ಎರಡು ನಿಮಿಷದಲ್ಲಿ ಮರ್ಡೊ ಇಪ್ಪತ್ತೆರಡನೆಯ ದಿನವೂ ಒಂದು ಸಿಂಕಿನ ಕೆಳಗೆ ಅಂಗಾತ ಮಲಗಿದ್ದ.

ಬ್ಲೋಲ್ಯಾಂಪು ಇರಲಿಲ್ಲ. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಪೈಪಿಗೆ ಸುತ್ತಿ ಸುತ್ತಿ ಬಿಚ್ಚುತ್ತ ಮುಕ್ಕಾಲು ಗಂಟೆ ಹೋಯಿತು. ಆರ್ಚಿ ಸ್ಟೂಲಿನ ಮೇಲೆ ಕೂತು ಪೈಪು ಸೇದುತ್ತ ಮಾತಾಡಿದ.

"ಮರ್ಡೊ ಕೆಟ್ಟವನಲ್ಲಪ್ಪ. ಆದ್ರೆ ಸ್ವಲ್ಪ ಹಂಗೇ. ಸಿಂಕಿನ ಕೆಳಗೆ ಹೋದ ಅಂದ್ರೆ ಸ್ವರ್ಗಕ್ಕೆ ಹೋದ ಹಾಗೆ, ಹೊರಗೆ ಬರೋಲ್ಲ. ನಗ್ತಾ ಮಲಗಿರ್ತಾನೆ. ಅವರಪ್ಪನೂ ಹಂಗೇ ಇದ್ದ. ಮೀನು ಹಿಡಿಯೋಕೆ ಅಂತ ಹೋಗ್ತಿದ್ರು, ನೀರು ನೋಡ್ಕೊಂಡು ಬರ್ತಿದ್ರು. ಮೀನಿಗೂ ಗೊತ್ತಾಗುತ್ತೆ ಮಾರಾಯ, ದಾರದ ಆ ತುದೀಲಿ ಇರೋನು ಎಚ್ಚರವಾಗಿದ್ದಾನೋ ಇಲ್ವೋ ಅಂತ."

ಟಿಕ್. ನಿಟ್ಟುಸಿರು. ಗುಳುಗುಳು. ಮರ್ಡೊ ಈ ಸಲ ನಗಲಿಲ್ಲ.

"ಮುಗೀತಾ? ಪರವಾಗಿಲ್ಲ, ನೀನು ಅವನಿಗಿಂತ ಚುರುಕು," ಎಂದ ಆರ್ಚಿ ಖುಷಿಯಾಗಿ. "ಊರಿಗೆಲ್ಲ ಹೇಳ್ತೀನಿ."

ಕಪ್ಪುಮಡು ತಲುಪುವಾಗ ಹನ್ನೆರಡಾಗಿತ್ತು. ಊರವರೆಲ್ಲ ಸೇತುವೆಯ ಕೆಳಗೆ ಹೋಟೆಲಿಗೆ ಹತ್ತಿರವಾಗಿ ನಿಂತು ಗಾಳ ಹಾಕುತ್ತಿದ್ದರು. ಇಷ್ಟು ಮೇಲೆ, ತೊಡೆಮಟ್ಟದ ಹಿಮ ತುಳಿದು ಬರುವ ಹುಚ್ಚು ಯಾರಿಗಿದೆ? ಎರಡು ದಂಡೆಗಳಿಂದಲೂ ಹಿಮದ ಚಪ್ಪಡಿ ಒಳಕ್ಕೆ ಚಾಚಿಕೊಂಡು, ನಡುವೆ ಒಂದು ರಸ್ತೆಯ ಅಗಲಕ್ಕೆ ಮಾತ್ರ ನೀರು ಕರ್ರಗೆ, ಮೆಲ್ಲಗೆ ಹೋಗುತ್ತಿತ್ತು. ಬರ್ಚ್ ಮರಗಳ ಮೇಲಿನ ಹಿಮ ತನ್ನ ಪಾಡಿಗೆ ತಾನು ಉದುರುತ್ತಿತ್ತು. ಎಲ್ಲಿಯೂ ಒಂದು ಸದ್ದಿಲ್ಲ. ಮರ್ಡೊ ಎಷ್ಟೋ ಹೊತ್ತು ಕೋಲು ಜೋಡಿಸುವುದನ್ನೂ ಮರೆತು ನಿಂತ. ಇದು ಸಿಂಕಿನ ಕೆಳಗಿನ ಕನಸೋ, ಇಲ್ಲಿಂದ ಸಿಂಕೇ ಕನಸೋ, ಅವನಿಗೆ ಬಗೆಹರಿಯಲಿಲ್ಲ.

ಬೀಸಿದ. ದಾರ ಬೂದು ಆಕಾಶದಲ್ಲಿ ಸೊನ್ನೆ ಬರೆಯಿತು, ಬಿಚ್ಚಿಕೊಂಡಿತು, ಇಳಿಯಿತು. ಮತ್ತೆ ಬೀಸಿದ. ಕೋಲಿನ ಉಂಗುರಗಳಲ್ಲಿ ಹಿಮ ಕಟ್ಟಿ ದಾರ ಸಿಕ್ಕಿಕೊಳ್ಳುತ್ತಿತ್ತು. ನಾಲ್ಕು ಬೀಸಿಗೊಮ್ಮೆ ಉಂಗುರವನ್ನು ಬಾಯಿಗಿಟ್ಟು, ಎಳೆಕೂಸು ಬಾಟಲಿ ಚೀಪುವಂತೆ ಚೀಪಿ ಕರಗಿಸಬೇಕಿತ್ತು. ಬೆರಳುಗಳು ಯಾರದೋ ಆಗಿ ಹತ್ತು ನಿಮಿಷವಾಗಿತ್ತು. ಮುಖದಲ್ಲಿ ಮಾತ್ರ ಜೋಲಿಯಲ್ಲಿ ತೂಗಿಸಿಕೊಳ್ಳುತ್ತಿರುವ ಮಗುವಿನ ಸುಖ.

ಹನ್ನೆರಡು ಗಂಟೆ ಇಪ್ಪತ್ತು ನಿಮಿಷಕ್ಕೆ ದಾರ ನಿಂತಿತು. ಕಲ್ಲಿಗೆ ಸಿಕ್ಕಿತು ಎಂದುಕೊಂಡ. ಆಮೇಲೆ ಕಲ್ಲು ಮೇಲ್ಗಡೆಗೆ ನಡೆಯತೊಡಗಿತು.

ಕೋಲಿನ ಬುಡದ ದಾರದ ರಾಟೆ ಚೀರಿತು. ಅಜ್ಜ, ಅಪ್ಪ, ಮೊಮ್ಮಗ ಮೂವರ ಹತ್ತಿರ ಹತ್ತಿರ ನೂರು ವರ್ಷಗಳ ಕಾಯುವಿಕೆ ಒಮ್ಮೆಗೇ ಆ ದಾರದ ತುದಿಯಲ್ಲಿ ಜಗ್ಗಿತು. ಮೀನು ಮಡುವಿನ ಉದ್ದಕ್ಕೂ ಓಡಿತು, ತಿರುಗಿತು, ನೀರಿನಿಂದ ಪೂರ್ತಿ ಮೇಲೆದ್ದು ಒಂದು ಗಳಿಗೆ ಹಿಮದ ಬೆಳಕಿನಲ್ಲಿ ನಿಂತಂತೆಯೇ ನಿಂತಿತು. ಹೊಸ ಬೆಳ್ಳಿಯ ತಟ್ಟೆ! ಆಮೇಲೆ ಕೆಳಮುಖವಾಗಿ ಹೊರಟಿತು. ಮರ್ಡೊ ಚಪ್ಪಡಿಯ ಅಂಚಿನಗುಂಟ ಅದರ ಹಿಂದೆ ಓಡಿದ. ಐವತ್ತು ಮಾರು ಓಡಿದ ಮೇಲೆ, ಚಪ್ಪಡಿ ತನ್ನ ಅಭಿಪ್ರಾಯ ಹೇಳಿತು. ಫಳ್!

ಎದೆಮಟ್ಟದ ಷರಾಯಿಯೊಳಗೆ ಕತ್ತಿನವರೆಗೆ ಫೆನ್ನನ್ ಹೊಳೆ ನುಗ್ಗಿತು. ಮರ್ಡೊ ಕೋಲನ್ನು ಮಾತ್ರ ತಲೆಯ ಮೇಲೆತ್ತಿ ಹಿಡಿದು, ಹಾಡಿನ ತಾರಸ್ಥಾಯಿಗೇರಿ ಕೂಗಿದ.

ತಿರುವಿನ ಆಚೆಯಿಂದ ಹಿಮ ತುಳಿದು ಯಾರೋ ಓಡಿಬಂದರು. ಬಲವಾದ ಕೈಯೊಂದು ಅವನ ಕತ್ತುಪಟ್ಟಿ ಹಿಡಿದು ದಂಡೆಗೆಳೆಯಿತು. ಇನ್ನೊಂದು ಕೈ, ಅಭ್ಯಾಸದ ನಯದಿಂದ, ಸುಸ್ತಾದ ಮೀನಿನ ಕೆಳಗೆ ಬಲೆ ಚಾಚಿತು.

ನರ್ಸ್ ರೋನಾ ಮಕೀ. ಅವಳ ಮೈಮೇಲೂ ರಬ್ಬರು ಷರಾಯಿ. ಅವಳ ಬೆನ್ನಿಗೂ ಗಾಳದ ಕೋಲು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ನೀನು ಫ್ಲೂ ಬಂದು ಮಲಗಿದ್ದೀಯಂತಲ್ಲೋ?" ಎಂದಳು ರೋನಾ. "ದಾರಿಯಲ್ಲಿ ಅಂಚೆಯವನು ಹೇಳಿದ."

"ನೀನು ಹೆರಿಗೆ ಮಾಡಿಸ್ತಾ ಇದ್ದೀಯಂತಲ್ಲೇ?" ಎಂದ ಮರ್ಡೊ, ಹಲ್ಲು ಕಟಕಟಿಸುತ್ತ.

ಇಬ್ಬರೂ ಒಂದೇ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಮುಂದಿನದಕ್ಕೆ ಮಾತು ಬೇಕಾಗಲಿಲ್ಲ. ರೋನಾ ತನ್ನ ಔಷಧದ ಚೀಲದಿಂದ ಎಳೆಕೂಸು ತೂಗುವ ಸ್ಪ್ರಿಂಗ್ ತಕ್ಕಡಿ ತೆಗೆದು, ಬಲೆ ಸಮೇತ ಮೀನನ್ನು ಎತ್ತಿ ಹಿಡಿದಳು.

"ಹದಿನಾಲ್ಕು ಪೌಂಡು," ಎಂದಳು ಗಂಭೀರವಾಗಿ. "ತಾಯಿ ಮಗು ಕ್ಷೇಮ. ತಂದೆಯ ಸ್ಥಿತಿ ಮಾತ್ರ ಚಿಂತಾಜನಕ."

ಮರ್ಡೊ ಮಂಡಿಯೂರಿ, ಮೀನಿನ ಬಾಯಿಂದ ಕೊಕ್ಕೆ ಬಿಡಿಸಿ, ಅದನ್ನು ಹೊಳೆಯ ಎದುರಿಗೆ ಮುಖಮಾಡಿ ಎರಡು ಕೈಯಲ್ಲಿ ಹಿಡಿದುಕೊಂಡ. ಅದು ಒಂದೆರಡು ಸಲ ಕಿವಿರು ಆಡಿಸಿತು. ಬಾಲ ಅವನ ಅಂಗೈಗೆ ಒತ್ತಿತು, ತಣ್ಣಗೆ. ಆಮೇಲೆ ಕೈಯಲ್ಲಿ ಬರೀ ನೀರಿತ್ತು.

"ಸಾಕ್ಷಿ ಹೇಳ್ತೀಯಾ, ರೋನಾ?"

"ಹೇಳ್ತೀನಿ. ನಾನು ಇಲ್ಲಿ ಏನು ಮಾಡ್ತಿದ್ದೆ ಅಂತ ಕೇಳಿದ್ರೆ ನೀನು ಉತ್ತರ ಹೇಳು. ನೀನು ಏನು ಮಾಡ್ತಿದ್ದೆ ಅಂತ ಕೇಳಿದ್ರೂ ನೀನೇ ಹೇಳು."

ಮರ್ಡೊ ಯೋಚಿಸಿದ. ಹಿತ್ತಿಲಲ್ಲೇ ದಾಟಿಬಂದ ಹನ್ನೊಂದು ಮನೆಗಳ ಹೆಪ್ಪುಗಟ್ಟಿದ ಪೈಪುಗಳು ಕಣ್ಮುಂದೆ ಬಂದವು. ಬಾರ್ಲಿ ಸಾರು ಬಂತು. "ಬೇಡ," ಎಂದ. "ನಾನು ಹಿಡಿದೆ, ನನಗೆ ಗೊತ್ತಿದೆ. ಸಾಕು."

ಅದು ಅವನ ಬಾಯಿಂದ ಬಂದಾಗ ನಿಜವೇ ಆಗಿತ್ತು.

ಎರಡು ಗಂಟೆಗೆ ಕಿಟಕಿ ಹತ್ತಿ ಒಳಗೆ ಬಿದ್ದ. ಅಡುಗೆಮನೆಯಲ್ಲಿ ಮಿಸೆಸ್ ಟಲಕ್ ಪಾತ್ರೆ ಆಡಿಸುವ ಸದ್ದು. ಒದ್ದೆ ಷರಾಯಿ ಸುಲಿದು ಕಿಟಕಿಯಾಚೆ ಎಸೆದ. ಹೊಸದಾಗಿ ಬೀಳತೊಡಗಿದ ಹಿಮ ಅದನ್ನು ಆಗಲೇ ಮುಚ್ಚತೊಡಗಿತು. ದಿಂಬನ್ನು ತಳ್ಳಿ ಅದರ ಜಾಗದಲ್ಲಿ ಮಲಗಿದ. ಈಗ ಅವನಿಗೆ ನಡುಕ ಬರಿಸಿಕೊಳ್ಳುವ ನಟನೆ ಬೇಕಿರಲಿಲ್ಲ. ಮಂಚದ ಕಾಲುಗಳೇ ನೆಲಕ್ಕೆ ತಾಳ ಹಾಕುತ್ತಿದ್ದವು.

"ಎದ್ದೆಯಾ?" ಮಿಸೆಸ್ ಟಲಕ್ ಒಳಗೆ ಬಂದರು. "ಎಷ್ಟು ಚೆನ್ನಾಗಿ ನಿದ್ದೆ ಮಾಡ್ದೆ! ಮಿಸುಕಾಡಲಿಲ್ಲ. ಹನ್ನೆರಡೂವರೆಗೆ ಪಾದ್ರಿಗಳು ಬಂದು ನಿನ್ನ ತಲೆದೆಸೆಯಲ್ಲಿ ಅರ್ಧ ಗಂಟೆ ಪ್ರಾರ್ಥನೆ ಮಾಡಿದ್ರು. ಇಷ್ಟು ತಾಳ್ಮೆಯಿಂದ ಕೇಳಿಸಿಕೊಳ್ಳೋರು ಇಗರ್ಜಿಯಲ್ಲೂ ಇಲ್ಲ ಅಂತ ಮೆಚ್ಚಿಕೊಂಡ್ರು. ಇನ್ನೊಂದು ವಿಷಯ, ಹೊಸ ಪ್ಲಂಬರ್ ಒಬ್ಬ ಬಂದಿದ್ದಾನಂತೆ, ಆರ್ಚಿ ಹೊಗಳಿದ್ದೇ ಹೊಗಳಿದ್ದು. ಎಲ್ಲರೂ ಅವನನ್ನೇ ಹುಡುಕ್ತಾ ಇದ್ದಾರೆ. ನೀನು ನಿಶ್ಚಿಂತೆಯಾಗಿ ಮಲಗು."

ಮರ್ಡೊ ಕಣ್ಣು ಮುಚ್ಚಿದ. ರೆಪ್ಪೆಯೊಳಗೆ ಬೆಳ್ಳಿಯ ಮೀನು ಈಜಿತು. ಅದನ್ನು ನೋಡುತ್ತ ನೋಡುತ್ತ ಮಧ್ಯಾಹ್ನ ಕರಗಿತು. ಯಾರಿಗೂ ಹೇಳದ ಸಂತೋಷ ಒಳಜೇಬಿನ ಬೆಚ್ಚನೆಯ ಕಲ್ಲಿನಂತಿರುತ್ತದೆ ಎಂದು ಅವನಿಗನ್ನಿಸಿತು. ಆ ಕಲ್ಲು ಐದು ಗಂಟೆಯವರೆಗೆ ಬೆಚ್ಚಗಿತ್ತು.

ಐದಕ್ಕೆ ಬಾಗಿಲು ತೆರೆದು, ಹಾರ್ಡ್‌ವೇರ್ ಅಂಗಡಿಯ ಮಾಲೀಕನೂ ಗಾಳದ ಕ್ಲಬ್ಬಿನ ಅಧ್ಯಕ್ಷನೂ ಆದ ಹೆಕ್ಟರ್ ಗತ್ರಿ ವಿಸ್ಕಿಯ ವಾಸನೆಯೊಡನೆ ಒಳಗೆ ಬಂದ. ಹಿಂದೆ ಪಾದ್ರಿ ಲ್ಯಾಮಂಟರು. ಹೆಕ್ಟರ್ ಮಂಚದ ಅಂಚಿಗೆ, ಸರಿಯಾಗಿ ಮರ್ಡೊನ ಮೊಣಕಾಲಿನ ಮೇಲೆ, ಕೂತ.

"ಎಂಥಾ ದಿನ ತಪ್ಪಿಸಿಕೊಂಡ್ಯಯ್ಯಾ, ಮರ್ಡೊ! ಮೊದಲನೇ ಮೀನು ಬಿತ್ತು. ಯಾರಿಗೆ ಅಂತ ಕೇಳು."

"ಯಾರಿಗೆ?" ಎಂದ ಮರ್ಡೊ. ಕಲ್ಲು ತಣ್ಣ­ಗಾಗತೊಡಗಿತು.

"ನನಗೇ! ಮೂರೂ ಹತ್ತಕ್ಕೆ, ಹೋಟೆಲಿನ ಎದುರಿಗೇ. ಒಂಬತ್ತು ಪೌಂಡು! ನಾಳೆ ಬೆಳಿಗ್ಗೆ ಹಲಗೆ ಬರೆಯೋನು ಬರ್ತಾನೆ. ಈ ಸಲ ಅಕ್ಷರ ಒಂದಂಗುಲ ದೊಡ್ಡದಾಗಿ ಬರೆಸೋಣ ಅಂತ. ಕೇಳು, ಅದು ಹೇಗೆ ಎಳೀತು ಅಂದ್ರೆ…"

ಹೆಕ್ಟರ್ ಹೇಳಿದ. ಕೈಯೆರಡನ್ನೂ ಅಗಲಿಸಿ ಹೇಳಿದ. ಮೊದಲ ಸಲ ಹೇಳುವಾಗ ಒಂಬತ್ತು ಪೌಂಡಿದ್ದ ಮೀನು ಎರಡನೆಯ ಸಲಕ್ಕೆ ಹತ್ತು ದಾಟಿತು. ಮೂರನೆಯ ಸಲ ಶುರುಮಾಡಿದಾಗ ಮರ್ಡೊ ಎದ್ದು ಕೂತ. ಮುಖ ಕೆಂಪಾಗಿತ್ತು, ಕಣ್ಣುಗಳು ಹೊಳೆಯುತ್ತಿದ್ದವು.

"ಸುಳ್ಳು! ಮೊದಲ ಮೀನು ನಂದು! ಹನ್ನೆರಡೂ ಇಪ್ಪತ್ತಕ್ಕೆ, ಕಪ್ಪುಮಡುವಿನಲ್ಲಿ! ಹದಿನಾಲ್ಕು ಪೌಂಡು! ನನಗೆ ಯಾವ ಜ್ವರನೂ ಇರಲಿಲ್ಲ, ಗರಿ ನುಂಗಿದ್ದೆ ಅಷ್ಟೆ! ಕಿಟಕಿ ಹಾರಿ ಹೋಗಿದ್ದೆ!"

ಹೆಕ್ಟರ್ ಅಗಲಿಸಿದ ಕೈಗಳು ಗಾಳಿಯಲ್ಲೇ ನಿಂತವು.

"ಗರಿ ನುಂಗಿದ್ದನಂತೆ," ಎಂದರು ಮಿಸೆಸ್ ಟಲಕ್ ಪಿಸುದನಿಯಲ್ಲಿ. "ಮಗಾ, ನಾನು ಬೆಳಿಗ್ಗೆಯಿಂದ ಈ ಕುರ್ಚಿ ಬಿಟ್ಟು ಎದ್ದಿಲ್ಲ. ರೆಪ್ಪೆ ಬಡಿದಿಲ್ಲ. ನೀನು ಎಲ್ಲಿಗೆ ಹೋದೆ?"

"ನೀವು ನಿದ್ದೆ ಮಾಡಿದ್ರಿ! ಹಾಸಿಗೇಲಿ ಇದ್ದಿದ್ದು ದಿಂಬು!"

ಪಾದ್ರಿಗಳು ಕೆಮ್ಮಿದರು. "ಮರ್ಡೊ, ಹನ್ನೆರಡೂವರೆಗೆ ನಾನೇ ನಿನ್ನ ಹೆಗಲ ಮೇಲೆ ಕೈಯಿಟ್ಟು ಪ್ರಾರ್ಥಿಸಿದ್ದೇನೆ. ಕೊನೆಯಲ್ಲಿ ನೀನು ತಲೆಯಾಡಿಸಿದೆ." ದಿಂಬಿಗೆ ಪ್ರಾರ್ಥಿಸಿದ ಪಾದ್ರಿಯೆಂದು ಹೆಸರು ಪಡೆಯಲು ಅವರು ಯಾವ ಬೆಲೆಗೂ ತಯಾರಿರಲಿಲ್ಲ.

"ನೆಲ ನೋಡಿ! ಕಿಟಕಿ ಕೆಳಗೆ ನೀರು ನಿಂತಿದೆ. ನನ್ನ ಬಟ್ಟೆಯಿಂದ ಇಳಿದದ್ದು!"

ಎಲ್ಲರೂ ಬಗ್ಗಿ ನೋಡಿದರು. ನೀರು ನಿಂತಿತ್ತು.

"ಅಯ್ಯೋ ದೇವರೇ," ಎಂದ ಹೆಕ್ಟರ್, "ಪ್ಲಂಬರನ ಮನೆ ಪೈಪೂ ಒಡೀತು! ಆ ಹೊಸಬನಿಗೆ ಹೇಳಿಕಳಿಸಿ."

ಅದೇ ಹೊತ್ತಿಗೆ ಔಷಧದ ಚೀಲ ಹಿಡಿದು ನರ್ಸ್ ರೋನಾ ಒಳಗೆ ಬಂದಳು. ಚಳಿಗೆ ಮೂಗು ಕೆಂಪಾಗಿತ್ತು. ಮರ್ಡೊ ಮುಳುಗುವವನು ಹಗ್ಗ ಕಂಡಂತೆ ಎರಡು ಕೈಯೂ ಚಾಚಿದ.

"ರೋನಾ! ನೀನೇ ಹೇಳು! ನೀನೇ ತಾನೆ ಮಗು ತೂಗೋ ತಕ್ಕಡೀಲಿ ಅದನ್ನ ತೂಗಿದ್ದು? ಹೇಳು ಇವರಿಗೆ!"

ಮಿಸೆಸ್ ಟಲಕ್ ಸೆರಗಿಲ್ಲದ್ದಕ್ಕೆ ಏಪ್ರನ್ನಿನಿಂದಲೇ ಬಾಯಿ ಮುಚ್ಚಿಕೊಂಡರು. ಪಾದ್ರಿಗಳು ಕಣ್ಣು ಮುಚ್ಚಿದರು. ರೋನಾ ಮರ್ಡೊನನ್ನು ಒಂದು ಗಳಿಗೆ ನೋಡಿದಳು. ಆ ನೋಟದಲ್ಲಿ ಕರುಣೆ ಇತ್ತು, ಹಳೆಯ ಗೆಳೆತನ ಇತ್ತು, ನಾಚಿಕೆಯೂ ಒಂದಿಷ್ಟಿತ್ತು. ಆಮೇಲೆ ಅವಳು ಥರ್ಮಾಮೀಟರನ್ನು ಅವನ ಬಾಯಿಗಿಟ್ಟಳು. ಎರಡು ನಿಮಿಷ ಮರ್ಡೊ ಮಾತಾಡುವಂತಿರಲಿಲ್ಲ.

ತೆಗೆದು ದೀಪಕ್ಕೆ ಹಿಡಿದಳು. ಅವಳು ಸುಳ್ಳು ಹೇಳಬೇಕಾದ ಪ್ರಸಂಗವೇ ಬರಲಿಲ್ಲ.

"ನೂರಾ ಮೂರು," ಎಂದಳು. "ನೀವೇ ನೋಡಿ."

ಎಲ್ಲರೂ ನೋಡಿದರು. ಬೆಳಿಗ್ಗೆ ಇಲ್ಲದಿದ್ದ ಜ್ವರವನ್ನು ಮರ್ಡೊ ಸಂಜೆಯೊಳಗೆ ಪ್ರಾಮಾಣಿಕವಾಗಿ ಸಂಪಾದಿಸಿದ್ದ.

"ತಲೆಗೇರಿದೆ," ಎಂದ ಹೆಕ್ಟರ್, ಅವನ ಮೊಣಕಾಲು ತಟ್ಟುತ್ತ. "ಪರವಾಗಿಲ್ಲಯ್ಯಾ. ಇಷ್ಟು ಜ್ವರ ಬಂದಿದ್ರೆ ನಾನು ಇಪ್ಪತ್ತು ಪೌಂಡಿಂದು ಹಿಡೀತಿದ್ದೆ. ವಾಸಿಯಾದ ಮೇಲೆ ಬಾ, ನನ್ನ ಹೆಸರು ತೋರಿಸ್ತೀನಿ."

"ಹತ್ತು ದಿನ ಹಾಸಿಗೆ ಬಿಟ್ಟು ಏಳಕೂಡದು," ಎಂದಳು ರೋನಾ. "ಆ ಕಿಟಕಿಗೆ ಹೊರಗಿನಿಂದ ಹಲಗೆ ಹೊಡೆಸಿ."

"ಹೆರಿಗೆ ಸಲೀಸಾಯ್ತೇನಮ್ಮ?" ಎಂದು ಮಿಸೆಸ್ ಟಲಕ್ ಅಕ್ಕರೆಯಿಂದ ಕೇಳಿದರು.

"ಕಷ್ಟದ್ದೇ ಇತ್ತು. ದೊಡ್ಡ ಕೂಸು. ಇನ್ನೂ ಅಪಾಯ ಕಳೆದಿಲ್ಲ. ಈ ಹತ್ತು ದಿನವೂ ಬೆಳಿಗ್ಗೆ ಬೆಳಿಗ್ಗೆ ಮೇಲಕ್ಕೆ ಹೋಗಿ ನೋಡಿಕೊಂಡು ಬರಬೇಕು."

"ಈ ಚಳಿಯಲ್ಲಿ! ನಿನ್ನಂಥವಳು ಇರೋದಕ್ಕೇ ಈ ಊರು ಉಳಿದಿದೆ, ತಾಯಿ."

ಎಲ್ಲರೂ ಬಾಗಿಲಿನ ಕಡೆ ಸರಿದರು. ರೋನಾ ಹಿಂದುಳಿದು, ಹೊದಿಕೆಯ ಅಂಚನ್ನು ಮರ್ಡೊನ ಕತ್ತಿನ ಸುತ್ತ ಒತ್ತಿ ಸಿಕ್ಕಿಸುತ್ತ ಬಗ್ಗಿದಳು. ಅವಳ ಉಸಿರು ಅವನ ಕಿವಿಗೆ ತಾಗಿತು.

"ಮರ್ಡೊ, ಕ್ಷಮಿಸೋ. ಅದು ಎಲ್ಲಿ ಕಚ್ಚಿತು? ಎಡದಂಡೆಯಿಂದ ಬೀಸಬೇಕೋ, ಬಲದಂಡೆಯಿಂದಲೋ?"

ಮರ್ಡೊ ಅವಳಿಗೆ ಬಯ್ಯಬೇಕೆಂದು ಬಾಯಿ ತೆರೆದ. ಆದರೆ ಆಗಲೇ ಅವನ ಕಣ್ಣಿನ ಮುಂದೆ ಕಪ್ಪು ನೀರು ಮೆಲ್ಲಗೆ ಹರಿಯತೊಡಗಿತ್ತು, ಬರ್ಚ್ ಮರಗಳಿಂದ ಹಿಮ ಉದುರುತ್ತಿತ್ತು, ದಾರ ಆಕಾಶದಲ್ಲಿ ಸೊನ್ನೆ ಬರೆಯುತ್ತಿತ್ತು. ಇಷ್ಟು ಚೆಂದದ ಪ್ರಶ್ನೆಯನ್ನು ಅವನಿಗೆ ಈ ಇಪ್ಪತ್ತೊಂದು ದಿನದಲ್ಲಿ ಯಾರೂ ಕೇಳಿರಲಿಲ್ಲ.

"ಎಡದಂಡೆ," ಎಂದ, ಮುಗುಳ್ನಗುತ್ತ. "ಸೀಳುಬಂಡೆಯಿಂದ ಎರಡು ಮಾರು ಕೆಳಗೆ. ನೊಣ ಇಳಿದ ಮೇಲೆ ಎಳೀಬೇಡ… ಹೊಳೆಯೇ ಒಯ್ಯಲಿ ಬಿಡು…"

ಬಾಗಿಲಿನಲ್ಲಿ ಮಿಸೆಸ್ ಟಲಕ್ ಕಣ್ಣೊರೆಸಿಕೊಂಡರು.

"ಕೇಳಿದ್ರಾ," ಎಂದರು ಪಾದ್ರಿಗಳಿಗೆ. "ಪಾಪ, ಮತ್ತೆ ಬಡಬಡಿಸ್ತಾ ಇದ್ದಾನೆ."